ತಗ್ಗಿಲ್ಲದ ರಸ್ತೆ

ಹುಕ್ಕೇರಿ
೬ ಆಗಸ್ಟ್ ೨೦೨೩

ಲೇ ನಬ್ಯಾ,

ಕರಿ ಪೆನ್‌ಡ್ರೈವ್ ಉದ್ದಪ್ಪನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಕಂಪ್ಯೂಟರಿನಲ್ಲಿ ನಾನು ಆಡಿದ ಲಾರಿ ಓಡಿಸುವ ಆಟದ ಎರಡೂವರೆ ತಾಸಿನ ರೆಕಾರ್ಡಿಂಗ್ ಅದರಲ್ಲಿದೆ. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅನ್ನುತ್ತ ಆ ಕಡೆ ಯಾರದೋ ಮದುವೆಯ ಅರಿಷಿಣದ ವಿಡಿಯೋಕ್ಕೆ ಹಾಡು ಕೂಡಿಸುತ್ತಿರುತ್ತೀ. ಅದಕ್ಕೆ ಈ ಸಲ ಬರೆದೇ ಕಳಿಸುತ್ತಿದ್ದೇನೆ. ಗೋಕಾಕ ಬಸ್ಸಿನ ಕಂಡಕ್ಟರ್ ಸಾಹೇಬ ಉದ್ದಪ್ಪ ಚೀಟಿ ನೋಡಿ, "ಇದೇನ್ರಿ ಭೀಮೇಶ, ಪೆನ್‌ಡ್ರೈವ್ ಜೋಡಿ ಲವ್ ಲೆಟರ್ ಬ್ಯಾರೆ?" ಎಂದ. ದಾರಿಯಲ್ಲಿ ಅವನು ಇದನ್ನು ಓದದೇ ಇರುವುದಿಲ್ಲ. ಓದಪ್ಪಾ ಉದ್ದಪ್ಪಾ, ಸಾವಕಾಶ ಓದು.

ವಿಷಯ ಇಷ್ಟೇ. ನೀನು ಎಡಿಟ್ ಮಾಡಿ ನನ್ನ ಚಾನೆಲ್ಲಿಗೆ ಹಾಕಿದ ವಿಡಿಯೋಗಳು ಮಸುಕಾಗಿವೆ. ಲಾರಿ ನೇರ ಹೊರಟಾಗ ಗೊತ್ತಾಗುವುದಿಲ್ಲ. ತಿರುವು ಬಂತೋ, ಗಿಡ, ಕಂಬ, ಬೋರ್ಡು ಎಲ್ಲ ಒಂದಕ್ಕೆ ಎರಡು. ನಿಲ್ಲಿಸಿ ನೋಡಿದೆ. ಮೂಲೆಯ ಡಬ್ಬಿಯಲ್ಲಿ ನನ್ನ ಮುಖ ಬರುತ್ತದಲ್ಲ, ಅದರ ಮೇಲೆ ನನ್ನದೇ ಇನ್ನೊಂದು ಮುಖ ಕೂತಿದೆ. ನಾಲ್ಕು ಕಣ್ಣು, ಎರಡು ಬಾಯಿ. ಕಳಿಸುವ ಮೊದಲು ನನ್ನ ಕಂಪ್ಯೂಟರಿನಲ್ಲಿ ಅದೇ ರೆಕಾರ್ಡಿಂಗ್ ಲಕಲಕ ಅನ್ನುತ್ತಿರುತ್ತದೆ, ನಿನ್ನ ಕೈ ಸೇರಿ ಬಂದ ಮೇಲೆ ಹೀಗೆ. ಕೊಲ್ಲಾಪುರದ ಒಬ್ಬ ಹುಡುಗ ಕಾಮೆಂಟ್ ಹಾಕಿದ್ದಾನೆ: ಸೆಕೆಂಡಿಗೆ ಅರವತ್ತು ಫ್ರೇಮ್ ರೆಕಾರ್ಡ್ ಮಾಡಿದ್ದನ್ನು ನಿಮ್ಮ ಎಡಿಟರ್ ಬೇರೆ ಯಾವುದೋ ಲೆಕ್ಕಕ್ಕೆ ಇಳಿಸಿದ್ದಾನೆ, ಅದಕ್ಕೇ ಮಸುಕು ಅಂತ. ಸ್ವಲ್ಪ ನೋಡೋ ಮಾರಾಯಾ.

ನಗಬೇಡ, ಒಂದು ಮಾತು ಹೇಳುತ್ತೇನೆ. ಅಪಘಾತ ಆದ ಮೇಲೆ ಈ ಎರಡು ವರ್ಷ ನಾನು ಯಾರಿಗೂ ನನ್ನ ಫೋಟೋ ತೆಗೆಯಲು ಬಿಟ್ಟಿಲ್ಲ. ಗಾಲಿ ಕುರ್ಚಿಯಲ್ಲಿ ಕೂತವನ ಫೋಟೋ ಯಾರಿಗೆ ಬೇಕು? ಆದರೆ ನೀನು ತಂದುಕೊಟ್ಟ ಈ ಆಟದ ಸ್ಟೀರಿಂಗ್ ಹಿಡಿದಾಗ ನಾನು ಡ್ರೈವರ್. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಮುಟ್ಟಿದ್ದೂ ತಿಳಿಯುವುದಿಲ್ಲ ಅನ್ನುವುದು ಆ ಡಬ್ಬಿಯಲ್ಲಿ ಕಾಣುವುದಿಲ್ಲ. ಆ ಮುಖವಾದರೂ ಸರಿಯಾಗಿ ಕಾಣಲಿ.

ಆಟದ ರಸ್ತೆ ಯಾವ ದೇಶದ್ದೋ, ನೂರು ಮೈಲು ಓಡಿಸಿದರೂ ಒಂದು ತಗ್ಗಿಲ್ಲ. ಐದು ವರ್ಷದ ಪದ್ದಿಗೆ ಅದು ಸೇರುವುದಿಲ್ಲ. "ಅಪ್ಪಾ, ತಗ್ಗ ಬರ್ಲಿ" ಅನ್ನುತ್ತಾಳೆ. ಆಗ ನಾನೇ "ನಮ್ಮ ಓಣಿ ಬಂತು, ಗಟ್ಟಿ ಹಿಡಕೋ" ಎಂದು ತಲೆ, ಭುಜ, ಕೈ ಎಲ್ಲ ಗಡಗಡ ಅಲುಗಿಸುತ್ತೇನೆ. ಅವಳೂ ನನ್ನ ಬಾಜೂ ಸ್ಟೂಲಿನ ಮೇಲೆ ಕೂತು ಕುಣಿಯುತ್ತಾಳೆ. ಅವ್ವ ಒಳಗಿನಿಂದ "ಅಪ್ಪಗ ತಕ್ಕ ಮಗಳು, ಎರಡೂ ಹುಚ್ಚ" ಎಂದು ಬೈಯುತ್ತಾಳೆ. ತಗ್ಗಿನ ಆಟ ಬಂದಾಗ ಕತ್ತರಿಸಬೇಡ. ಅದು ಪದ್ದಿಯ ಪಾಲು.

ನಿನ್ನ
ಭೀಮ್ಯಾ


ಗೋಕಾಕ
೧೧ ಆಗಸ್ಟ್ ೨೦೨೩

ಭೀಮೇಶನಿಗೆ,

ಪೆನ್‌ಡ್ರೈವ್ ವಾಪಸು ಕಳಿಸಿದ್ದೇನೆ. ವಿಡಿಯೋ ಹಾಕಿದ್ದೇನೆ. ಮೊದಲು ಹೇಗೆ ಮಾಡುತ್ತಿದ್ದೆನೋ ಹಾಗೇ ಮಾಡಿ ಹಾಕಿದ್ದೇನೆ.

ಇಪ್ಪತ್ತೆರಡು ವರ್ಷದಿಂದ ನಾನು ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದೇನೆ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್. ನನಗೆ ಕಲಿಸಿದವರು ಹಾಗೇ ಕಲಿಸಿದರು. ನನ್ನ ಹೂವಿನ ಚೌಕಟ್ಟು, ತೇಲುವ ಹೃದಯ, ಹೆಸರು ಬರುವ ಪಟ್ಟಿ ಎಲ್ಲ ಇಪ್ಪತ್ತೈದಕ್ಕೇ ಕೂತಿವೆ. ಗೋಕಾಕದಿಂದ ಮೂಡಲಗಿಯವರೆಗೆ ಎಷ್ಟು ಮದುವೆ ಆದವು, ಒಬ್ಬ ಬೀಗನೂ ಇಪ್ಪತ್ತೈದು ಸಾಲದು ಎಂದು ತಕರಾರು ಮಾಡಲಿಲ್ಲ. ಈಗ ಕೊಲ್ಲಾಪುರದ ಮೀಸೆ ಬಾರದ ಹುಡುಗನಿಂದ ನಾನು ಕಲಿಯಬೇಕು. ಅದನ್ನು ನೀನು ಉದ್ದಪ್ಪನ ಕೈಯಲ್ಲಿ ಬರೆದು ಕಳಿಸುತ್ತೀ. ಅವನು ಬಸ್ಸಿನಿಂದ ಇಳಿಯುವ ಮೊದಲೇ "ಏನ್ ನಬಿಲಾಲ, ನಾಕ ಕಣ್ಣ ಮಾಡಿಯಂತಲ್ಲ" ಎಂದು ನಾಲ್ಕು ಮಂದಿಯ ಮುಂದೆ ಕೂಗಿದ. ಚಹಾದ ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಿನಗೆ ಸಮಾಧಾನ ಆಯಿತಲ್ಲ?

ಒಂದು ಮಾತು ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ನಿನ್ನ ಮುಖ ಯಾರು ನೋಡುತ್ತಾರೆ? ಜನ ನೋಡುವುದು ಲಾರಿ.

ನನ್ನ ಕೆಲಸ ಸೇರದಿದ್ದರೆ ಆ ಹುಡುಗನಿಗೇ ಕಳಿಸು. ಸುಮ್ಮನೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ.

ನಬಿಲಾಲ


ಹುಕ್ಕೇರಿ
೨ ನವೆಂಬರ್ ೨೦೨೩

ನಬ್ಯಾ,

ಕೆಂಪು ಪೆನ್‌ಡ್ರೈವ್ ಕಳಿಸಿದ್ದೇನೆ. ನೀನಂತೂ ಫೋನ್ ಎತ್ತುವುದಿಲ್ಲ. ಎಡಿಟ್ ಮಾಡದಿದ್ದರೂ ನಡೆಯುತ್ತದೆ, ಕೊನೆತನಕ ನೋಡು. ಇವತ್ತೇ ನೋಡು.

ಭೀಮ್ಯಾ


ಹುಕ್ಕೇರಿ
೧೮ ಫೆಬ್ರುವರಿ ೨೦೨೪

ನಬಿಲಾಲ ಅವರಿಗೆ,

ನಾನು ಸುಮನ್, ಭೀಮೇಶ ಅವರ ಹೆಂಡತಿ. ಮೊದಲು ನಿಮಗೆ ಅಣ್ಣಾ ಅನ್ನುತ್ತಿದ್ದೆ, ಕೊನೆಗೆ ಅವರ ಫೋನನ್ನೂ ಎತ್ತದವರಿಗೆ ಈಗ ಆ ಶಬ್ದ ಬರೆಯಲು ಕೈ ಬರುವುದಿಲ್ಲ. ಈ ಪತ್ರ ಮುಟ್ಟಿದ ಮೇಲೆ ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದರೆ ಬೈಯುತ್ತೇನೆ, ಬೈದರೆ ನನ್ನ ಕೆಲಸ ಕೆಡುತ್ತದೆ. ಏನಿದ್ದರೂ ಬರೆದು ಉದ್ದಪ್ಪ ಕಾಕಾನ ಕೈಯಲ್ಲಿ ಕೊಡಿ, ಅಂಟಿಸಿ ಕೊಡಿ.

ಅವರು ಹೋಗಿ ಮೂರು ತಿಂಗಳು ದಾಟಿತು. ನವೆಂಬರ್ ಹನ್ನೊಂದರಂದು ನೀವು ಮಣ್ಣಿಗೆ ಬಂದಿದ್ದಿರಿ. ಗೋಡೆ ಹಿಡಿದು ನಿಂತಿರಿ, ನನ್ನ ಮುಖ ನೋಡದೆ ಹೋದಿರಿ. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಗಿ, ಅದು ಕೀವು ತುಂಬಿ, ನಂಜು ರಕ್ತಕ್ಕೆ ಏರಿತ್ತು. ಒಂದು ವಾರ ಮೊದಲು ತಂದಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು. ಆ ಒಂದು ವಾರ ನಾನು ಮನೆಯಲ್ಲಿರಲಿಲ್ಲ. ನನ್ನ ತಾಯಿಯ ಕಣ್ಣಿನ ಆಪರೇಷನ್ ಇತ್ತು, ಪದ್ದಿಯನ್ನು ಕರೆದುಕೊಂಡು ಹನ್ನೆರಡು ದಿನ ಮೂಡಲಗಿಯಲ್ಲಿದ್ದೆ. ದಿನಾ ಫೋನ್ ಮಾಡಿದೆ. "ನಾ ಆರಾಮ ಅದೇನಿ, ನೀ ಅವ್ವನ್ನ ನೋಡ್ಕೋ" ಅಂದರು. ತಿರುಗಿ ಬಂದಾಗ ಅವರಿಗೆ ನನ್ನ ಗುರುತು ಹತ್ತಲಿಲ್ಲ.

ಈಗ ಬರೆಯುವುದಕ್ಕೆ ಕಾರಣ ಪದ್ದಿ. ಅವಳು ಅಪ್ಪನನ್ನು ಮರೆಯುತ್ತಿದ್ದಾಳೆ. ಗೋಡೆಯ ಮೇಲೆ ಮದುವೆಯ ಫೋಟೋ ಇದೆ, ದಪ್ಪ ಮೀಸೆ, ತುಂಬಿದ ಗಲ್ಲ. ಮೊನ್ನೆ ಅದನ್ನು ತೋರಿಸಿ "ಈ ಮಾಮಾ ಯಾರು?" ಎಂದು ಕೇಳಿದಳು. ಅವಳು ಕಂಡ ಅಪ್ಪ ಮೀಸೆ ಇಲ್ಲದವನು, ಗಲ್ಲ ಒಳಗೆ ಹೋದವನು. ಆ ಮುಖ ಈ ಜಗತ್ತಿನಲ್ಲಿ ನಿಮ್ಮ ವಿಡಿಯೋದ ಮೂಲೆಯ ಡಬ್ಬಿಯಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ. ಅಲ್ಲಿ ತೋರಿಸಿದರೆ, "ಇಂವ ಅಪ್ಪ ಅಲ್ಲ, ಇಂವಗ ನಾಕ ಕಣ್ಣ ಅದಾವು" ಎಂದು ಓಡಿಹೋಗುತ್ತಾಳೆ.

ಮನೆಯ ಕಂಪ್ಯೂಟರಿನಲ್ಲಿ ಜಾಗ ಕಡಿಮೆ ಎಂದು ಅವರು ನಿಮಗೆ ಕಳಿಸಿದ ಕೂಡಲೇ ಅಳಿಸುತ್ತಿದ್ದರು. ಎಡಿಟ್ ಆಗದ ರೆಕಾರ್ಡಿಂಗ್ ನಿಮ್ಮಲ್ಲೇ ಇರಬೇಕು. ಒಂದಾದರೂ ಕೊಡಿ. ಲಾರಿ ಇಲ್ಲದಿದ್ದರೂ ನಡೆಯುತ್ತದೆ, ಮುಖ ಬೇಕು.

ಸುಮನ್


ಗೋಕಾಕ
೨೭ ಫೆಬ್ರುವರಿ ೨೦೨೪

ತಂಗಿ ಸುಮನ್‌ಗೆ,

ನೀನು ಅಣ್ಣಾ ಅನ್ನದಿದ್ದರೆ ಬಿಡು, ನಾನು ತಂಗಿ ಅನ್ನುತ್ತೇನೆ.

ಕೊಲ್ಲಾಪುರದ ಹುಡುಗ ಹೇಳಿದ್ದು ಖರೆ ಇತ್ತು. ಭೀಮ್ಯಾನ ರೆಕಾರ್ಡಿಂಗಿನಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ. ನಾನು ಅದನ್ನು ಮದುವೆಯ ಲೆಕ್ಕದಲ್ಲಿ ಇಪ್ಪತ್ತೈದಕ್ಕೆ ಇಳಿಸಿದೆ. ಅರವತ್ತು ಮಂದಿಯನ್ನು ಇಪ್ಪತ್ತೈದು ಎಲೆಗೆ ಊಟಕ್ಕೆ ಕೂರಿಸಿದರೆ ಒಬ್ಬನ ತೊಡೆಯ ಮೇಲೆ ಇನ್ನೊಬ್ಬ ಕೂಡಬೇಕಾಗುತ್ತದೆ. ಅದರ ಮೇಲೆ, ಫ್ರೇಮಿಗೆ ಫ್ರೇಮ್ ಬೆರೆಸುವ ಒಂದು ಗುಂಡಿ ಇದೆ. ಮದುವೆಯಲ್ಲಿ ಅದನ್ನು ಒತ್ತಿದರೆ ವಧು ನಡೆದು ಬರುವುದು ನುಣ್ಣಗೆ ಕಾಣುತ್ತದೆ. ನಮ್ಮ ಕಡೆಯ ಮಿಕ್ಸಿಂಗಿನವರೆಲ್ಲ ಕಣ್ಣು ಮುಚ್ಚಿ ಅದನ್ನು ಒತ್ತುತ್ತೇವೆ. ನಾಲ್ಕು ಕಣ್ಣು ಬಂದದ್ದು ಹಾಗೆ. ಸರಿಪಡಿಸುವುದಕ್ಕೆ ಐದು ನಿಮಿಷದ ಕೆಲಸ: ಎಡಿಟಿಂಗನ್ನೂ ಅರವತ್ತಕ್ಕೇ ಇಡುವುದು, ಬೆರೆಸುವ ಗುಂಡಿ ಆರಿಸುವುದು. ಅವನು ಕೇಳಿದಾಗ ಆ ಐದು ನಿಮಿಷ ನನ್ನಲ್ಲಿರಲಿಲ್ಲ.

ಆದರೆ ಒಮ್ಮೆ ಬೆರೆತದ್ದನ್ನು ಬೇರೆ ಮಾಡಲು ಆಗುವುದಿಲ್ಲ ತಂಗಿ. ಮೂಲ ರೆಕಾರ್ಡಿಂಗ್ ಬೇಕು. ಅವು ಇಲ್ಲ. ಮದುವೆಯವರಿಗೆ ವಿಡಿಯೋ ಕೊಟ್ಟ ಮೇಲೆ ನಾವು ಮೂಲವನ್ನು ಅಳಿಸಿಬಿಡುತ್ತೇವೆ, ಮದುವೆ ಮುಗಿದ ಮೇಲೆ ಹಂದರ ಕಿತ್ತ ಹಾಗೆ. ಇಲ್ಲದಿದ್ದರೆ ಮುಂದಿನ ಮದುವೆಗೆ ಜಾಗ ಇರುವುದಿಲ್ಲ. ಭೀಮ್ಯಾನದನ್ನೂ ಅದೇ ಕೈ ಅಳಿಸಿತು. ಮೂರು ದಿನ ಹಳೆಯ ಡಿಸ್ಕುಗಳನ್ನೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ.

ನನ್ನ ಕಡೆ ಬೇರೆ ಏನೂ ಇಲ್ಲ. ಮಗುವಿಗೆ ಗೋಕಾಕದ ಕಟ್ಟಿಗೆ ಗೊಂಬೆ ಕಳಿಸಿದ್ದೇನೆ, ನನ್ನ ಮನೆಯಾಕೆ ಶಹನಾಜಬಿ ಆರಿಸಿದ್ದು. ಬೇಡ ಅನ್ನಬೇಡ.

ನಬಿಲಾಲ


ಮೂಡಲಗಿ
೨೪ ಮಾರ್ಚ್ ೨೦೨೪

ನಬಿಲಾಲ ಅವರಿಗೆ,

ಗೊಂಬೆ ವಾಪಸು ಕಳಿಸಿದ್ದೇನೆ. ಪದ್ದಿ ಅತ್ತಳು, ಆದರೂ ಕಳಿಸಿದ್ದೇನೆ.

ಮೇಲೆ ಊರ ಹೆಸರು ನೋಡಿದಿರಲ್ಲ. ನಾನೀಗ ತವರಿನಲ್ಲಿದ್ದೇನೆ. ಹುಕ್ಕೇರಿಯಲ್ಲಿ ನನ್ನ ಅತ್ತೆ ಹನಮವ್ವ ಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಾಳೆ. "ನನ್ನ ಮಗಗ ಬದುಕೂ ಆಸೀನ ಇರ್ಲಿಲ್ಲ. ಹುಣ್ಣ ಆದ್ರೂ ಹೇಳಲಿಲ್ಲ, ಜ್ವರ ಬಂದ್ರೂ ಹೇಳಲಿಲ್ಲ. ಹೆಂಡ್ತಿ ಬಿಟ್ಟ ಹೋದ್ಲು, ಅಂವ ಜೀವಾ ಬಿಟ್ಟ." ಮೊದಲು ನಾನು ತಿರುಗಿ ಜಗಳಾಡುತ್ತಿದ್ದೆ. ಆಮೇಲೆ ನನಗೂ ಹಾಗೇ ಅನಿಸಲು ಹತ್ತಿತು. ದಿನಾ ಫೋನಿನಲ್ಲಿ ಆರಾಮ ಅದೇನಿ ಅಂದವನು ಯಾರು? ಬೇಕೆಂದೇ ಮುಚ್ಚಿಟ್ಟರೇ? ನನ್ನಿಂದ, ಪದ್ದಿಯಿಂದ ಬಿಡುಗಡೆ ಬೇಕಾಗಿತ್ತೇ? ಅನ್ನದ ಮುಂದೆ ಕೂತರೆ ಇದೇ ಪ್ರಶ್ನೆ. ಸತ್ತದ್ದಕ್ಕೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ಸಾಯಬೇಕೆಂದೇ ಸತ್ತರೆ ನಾನು ಮಗಳಿಗೆ ಏನು ಹೇಳಲಿ?

ಈಗ ನಿಮ್ಮ ವಿಷಯ. ಮನೆಯಲ್ಲಿ ಎರಡು ಪೆನ್‌ಡ್ರೈವ್ ಇದ್ದವು, ಕರಿ ಒಂದು, ಕೆಂಪು ಒಂದು. ಸಾಮಾನು ಕಟ್ಟುವಾಗ ಕರಿ ಒಂದೇ ಸಿಕ್ಕಿತು, ಅದೂ ಖಾಲಿ. ಬಸ್ ಸ್ಟ್ಯಾಂಡಿನಲ್ಲಿ ಉದ್ದಪ್ಪ ಕಾಕಾನನ್ನು ಕೇಳಿದೆ. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಹೇಳಿದ: "ಕೆಂಪಂದ ನವೆಂಬರ್ ಎರಡಕ್ಕ ನಾನ ಒಯ್ದೇನಿ ತಂಗಿ. ನಬಿಲಾಲನ ಕೈಯಾಗ ಕೊಟ್ಟೇನಿ. ಕೊನೀತನಕ ನೋಡು ಅಂತ ಚೀಟಿ ಇತ್ತು." ಓದಿದ್ದಕ್ಕೆ ಅವನಿಗೆ ನಾಚಿಕೆಯಾಯಿತು, ನನಗೆ ಉಪಕಾರ ಆಯಿತು.

ನನ್ನ ಕಡೆ ಬೇರೆ ಏನೂ ಇಲ್ಲ ಎಂದು ಬರೆದಿರಲ್ಲ, ಆ ಕೆಂಪು ಪೆನ್‌ಡ್ರೈವ್ ಎಲ್ಲಿ?

ಸುಮನ್


ಗೋಕಾಕ
೨ ಏಪ್ರಿಲ್ ೨೦೨೪

ತಂಗಿ,

ಉಪವಾಸದ ರೋಜಾ ಹಿಡಿದು ಸುಳ್ಳು ಬರೆಯಬಾರದು. ರೋಜಾ ಇಲ್ಲದಾಗಲೂ ಬರೆಯಬಾರದಿತ್ತು, ಬರೆದೆ.

ಕೆಂಪು ಪೆನ್‌ಡ್ರೈವ್ ನನ್ನ ಅಂಗಡಿಯಲ್ಲೇ ಇದೆ. ಮೇಜಿನ ಡ್ರಾದಲ್ಲಿ, ಹಳೆಯ ಬ್ಯಾಟರಿಗಳ ಕೆಳಗೆ. ನಾನು ಅದನ್ನು ಇವತ್ತಿನವರೆಗೆ ತೆರೆದಿಲ್ಲ. ಬಂದ ದಿನ ಚೀಟಿ ಓದಿ ನನಗೆ ಸಿಟ್ಟೇ ಬಂತು. ಮತ್ತೆ ಮಸುಕಿನದೇ ತಕರಾರು, ಎಲ್ಲಿ ಎಷ್ಟು ಮಸುಕಾಗಿದೆ ಎಂದು ಕೊನೆತನಕ ನೋಡಬೇಕಂತೆ ಎಂದುಕೊಂಡೆ. ಬಿದ್ದಿರಲಿ, ಸೊಕ್ಕು ಇಳಿಯಲಿ ಎಂದು ಡ್ರಾಕ್ಕೆ ಒಗೆದೆ. ಒಂಬತ್ತು ದಿನಕ್ಕೆ ಅವನು ಸತ್ತ ಸುದ್ದಿ ಬಂತು. ಆಮೇಲೆ ಆ ಡ್ರಾ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಬ್ಯಾಟರಿ ಬೇಕಾದರೂ ಹೊಸದು ತರುತ್ತಿದ್ದೆ. ಅದರಲ್ಲಿ ನನ್ನನ್ನು ಬೈದಿದ್ದಾನೆ ಎಂದು ಹೆದರಿದ್ದೆ. ಸತ್ತವನು ಬೈದರೆ ತಿರುಗಿ ಏನು ಅನ್ನಲು ಬರುತ್ತದೆ?

ಅದರಲ್ಲಿ ಇರುವುದು ಮೂಲ ರೆಕಾರ್ಡಿಂಗ್, ನನ್ನ ಕೈ ಮುಟ್ಟದ್ದು. ಅವನ ಮುಖ ಅದರಲ್ಲಿ ಒಂದೇ ಇರುತ್ತದೆ. ಹಬ್ಬ ಮುಗಿದ ಮೇಲೆ ಕೂತು, ಈ ಸಲ ಸರಿಯಾದ ಲೆಕ್ಕದಲ್ಲಿ ಮಾಡಿ ಕಳಿಸುತ್ತೇನೆ. ಪದ್ದಿ ನೋಡಿ ಅಪ್ಪ ಎನ್ನಬೇಕು, ಹಾಗೆ ಮಾಡುತ್ತೇನೆ.

ನಬಿಲಾಲ


ಗೋಕಾಕ
೨೦ ಏಪ್ರಿಲ್ ೨೦೨೪

ತಂಗಿ ಸುಮನ್,

ಇದನ್ನು ಕೂತು ಓದು. ತಾಯಿ ಹತ್ತಿರ ಇರಲಿ.

ನಿನ್ನೆ ಬೆಳಿಗ್ಗೆ ಅಂಗಡಿಯ ಶಟರು ಅರ್ಧ ಇಳಿಸಿ ಕೆಂಪು ಪೆನ್‌ಡ್ರೈವ್ ಹಚ್ಚಿದೆ. ಅವನ ಹಳೆಯ ಕಂಪ್ಯೂಟರ್ ದಣಿದಾಗ ಸೆಕೆಂಡಿಗೆ ಅರವತ್ತರ ಬದಲು ಐವತ್ತೆರಡು, ನಲವತ್ತೆಂಟು ಹೀಗೆ ಫ್ರೇಮ್ ಬಿಟ್ಟುಬಿಟ್ಟು ಬರೆದಿತ್ತು. ಮೊದಲು ಅದನ್ನೆಲ್ಲ ಅರವತ್ತಕ್ಕೆ ಸಮ ಮಾಡಿದೆ. ಎಡಿಟಿಂಗನ್ನು ಅರವತ್ತಕ್ಕೆ ಇಟ್ಟೆ. ಬೆರೆಸುವ ಗುಂಡಿ ಆರಿಸಿದೆ. ಆಮೇಲೆ ಓಡಿಸಿದೆ. ಲಾರಿ ಎಷ್ಟು ಸ್ವಚ್ಛ ಬಂತೆಂದರೆ ತಿರುವಿನಲ್ಲಿ ಬೋರ್ಡಿನ ಒಂದೊಂದು ಅಕ್ಷರ ಓದಬಹುದು. ಯಾವ ಭಾಷೆಯೋ, ಆದರೆ ಅಕ್ಷರ ಒಂದೇ ಸಲ ಇತ್ತು. ಖುಷಿಯಲ್ಲಿ ಶಹನಾಜಬಿಯನ್ನು ಕೂಗಿದೆ.

ಆದರೆ ಮೂಲೆಯ ಡಬ್ಬಿಯಲ್ಲಿ ಅವನ ಮುಖ ಇನ್ನೂ ಮಸುಕೇ ಇತ್ತು.

ಅದು ಹೇಗೆ ಎಂದು ಮತ್ತೆ ಎಲ್ಲ ನೋಡಿದೆ. ಮೂರು ಸಲ ಮೊದಲಿನಿಂದ ಮಾಡಿದೆ. ಲಾರಿ ಸ್ವಚ್ಛ, ಅವನ ಹಿಂದಿನ ಗೋಡೆ ಸ್ವಚ್ಛ, ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖು ಸ್ವಚ್ಛ. ಅವನೊಬ್ಬನೇ ಮಸುಕು. ನಿಧಾನ ಮಾಡಿ ಓಡಿಸಿದೆ. ಭುಜ, ಗದ್ದ, ಸ್ಟೀರಿಂಗ್ ಮೇಲಿನ ಕೈ ಎಲ್ಲ ಗಡಗಡ ಅಲುಗುತ್ತಿದ್ದವು. ಓ, ತಗ್ಗಿನ ಆಟ ಎಂದು ನಾನು ನಕ್ಕೆ ತಂಗಿ. ಅಲ್ಲಾನ ಆಣೆ, ನಕ್ಕೆ. ನಗುತ್ತಲೇ ಅವನ ಬಾಜೂ ನೋಡಿದೆ. ಸ್ಟೂಲ್ ಖಾಲಿ ಇತ್ತು. ಪದ್ದಿ ಮೂಡಲಗಿಯಲ್ಲಿದ್ದಳು. ಹಾಗಾದರೆ ಇವನು ಯಾರಿಗಾಗಿ ಆಡುತ್ತಿದ್ದಾನೆ?

ಫ್ರೇಮಿನ ದೋಷ ಏನೂ ಉಳಿದಿರಲಿಲ್ಲ. ಅವನು ಜ್ವರ ಬಂದು ನಡುಗುತ್ತಿದ್ದ.

ಕೊನೆಯ ಹನ್ನೊಂದು ನಿಮಿಷದಲ್ಲಿ ಅವನು ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸುತ್ತಾನೆ. ಇಂಡಿಕೇಟರ್ ಹಚ್ಚುತ್ತಾನೆ. ಆಮೇಲೆ ಕ್ಯಾಮರಾ ನೋಡಿ ಮಾತಾಡುತ್ತಾನೆ. ಅವನು ಆಡಿದ ಹಾಗೇ ಬರೆಯುತ್ತಿದ್ದೇನೆ:

"ನಬ್ಯಾ, ಇದ ಆಟಕ್ಕ ಅಲ್ಲ. ಮೂರು ದಿನದಿಂದ ಥಂಡಿ ಹತ್ತೇತಿ, ಹಲ್ಲ ಕೂಡವೊಲ್ಲವು. ಕೆಳಗ ಏನಾಗೇತಿ ನಂಗ ತಿಳಿಯೂದಿಲ್ಲ, ಆದ್ರ ವಾಸನಿ ಬರಾಕತ್ತೇತಿ. ಅವ್ವ ದಿನಾ ಬೇವಿನೆಣ್ಣಿ ಹಚ್ಚತಾಳ, ಆದ್ರ ಆಕಿಗೆ ಕಣ್ಣ ಸರಿ ಕಾಣೂದಿಲ್ಲ, ಆಕಿಗೂ ಏನೂ ತಿಳಿದಿಲ್ಲ. ನಾ ನಡಗೂದ ನೋಡಿ ಮತ್ತ ತಗ್ಗಿನ ಆಟ ಹಚ್ಚಿ ಏನೋ ಅಂತ ಬೈತಾಳ. ಸುಮನ್‌ಗ ಹೇಳಿದ್ರ ಆಕಿ ತಾಯೀನ ಅರ್ಧಕ್ಕ ಬಿಟ್ಟ ಓಡಿ ಬರ್ತಾಳ. ಆಂಬುಲೆನ್ಸ್ ಕರದ್ರ ಓಣಿ ಮಂದಿ ಎಲ್ಲಾ ನಿಂತ ನನ್ನ ಎತ್ತೂದ ನೋಡ್ತಾರ, ಅದ ನಂಗ ಬ್ಯಾಡ. ಚೀಟ್ಯಾಗ ಬರದ್ರ ಉದ್ದಪ್ಪ ಓದ್ತಾನ, ಉದ್ದಪ್ಪ ಓದಿದ್ರ ಸ್ಟ್ಯಾಂಡ್ ತುಂಬ ಸುದ್ದಿ. ನೀ ನಿನ್ನ ಗಾಡಿ ತಗೊಂಡ ಬಾ. ನನ್ನ ಹೆಂಗ ಎತ್ತಬೇಕಂತ ನಿನಗ ಗೊತ್ತೇತಿ. ದವಾಖಾನಿಗೆ ಹೋಗಿ ಬರೂಣು. ನಿನ್ನ ಮ್ಯಾಲಿನ ಸಿಟ್ಟ ನಾ ಬಿಟ್ಟೇನಿ, ನೀನೂ ಬಿಡು. ಮಸುಕ ಇದ್ರ ಇರ್ಲಿ. ಜೂನ್‌ದಾಗ ಪದ್ದಿನ್ನ ಸಾಲಿಗೆ ಹಾಕಬೇಕು. ಕುರ್ಚ್ಯಾಗ ಕುಂತಾದ್ರೂ ಆಕಿನ್ನ ನಾನ ಬಿಟ್ಟ ಬರಾಂವ. ಅದಕ್ಕರೆ ನಾ ಇರಬೇಕು. ಬರ್ತೀ ಹೌದಲ್ಲೋ?"

ಆಮೇಲೆ ರೆಕಾರ್ಡಿಂಗ್ ನಿಲ್ಲಿಸಲು ಮರೆತು ಹಾಗೇ ಕೂತಿದ್ದಾನೆ. ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ಒಮ್ಮೆ ಹೊರಗೆ ಯಾವುದೋ ಗಾಡಿಯ ಸದ್ದಾದಾಗ ಬಾಗಿಲ ಕಡೆ ತಿರುಗಿ ನೋಡುತ್ತಾನೆ.

ಗೋಕಾಕದಿಂದ ಹುಕ್ಕೇರಿಗೆ ಗಾಡಿಯಲ್ಲಿ ಒಂದು ತಾಸಿನ ದಾರಿ, ನಿನಗೂ ಗೊತ್ತು, ನನಗೂ ಗೊತ್ತು. ಆ ವಾರವೆಲ್ಲ ನನ್ನ ಗಾಡಿ ಅಂಗಡಿಯ ಮುಂದೆ ಸುಮ್ಮನೆ ನಿಂತಿತ್ತು.

ಆ ಹನ್ನೊಂದು ನಿಮಿಷ ಕತ್ತರಿಸಿ ಬರೀ ಮುಖ ಕಳಿಸಿದ್ದರೆ ನಿನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಕತ್ತರಿಸುವುದೇ ನನ್ನ ಕಸುಬು. ಖರೆ ಹೇಳುತ್ತೇನೆ, ಒಂದು ತಾಸು ಹಾಗೆ ಮಾಡಬೇಕೆಂದೇ ಕೂತಿದ್ದೆ. ಶಹನಾಜಬಿ ಹಿಂದೆ ನಿಂತು ಎಲ್ಲ ನೋಡಿದ್ದಳು. "ಆಕಿ ಗಂಡಗ ಬದುಕೂ ಆಸೆ ಇತ್ತಂತ ಆಕಿಗೆ ತಿಳೀಬೇಕು. ನಿಮಗ ಏನಾಗತೈತೋ ಆಗ್ಲಿ, ಪೂರಾ ಕಳಸ್ರಿ" ಎಂದಳು. ಪೂರಾ ಕಳಿಸಿದ್ದೇನೆ. ನಿನ್ನ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಅವನು ಮುಚ್ಚಿಡಲಿಲ್ಲ ತಂಗಿ, ಹೇಳಿದ್ದ. ನನಗೆ ಹೇಳಿದ್ದ.

ಮುಖ ಸ್ವಚ್ಛ ಮಾಡಿ ಕೊಡುತ್ತೇನೆ ಎಂದಿದ್ದೆ, ಅದು ನನ್ನಿಂದ ಆಗಲಿಲ್ಲ. ಅವನು ಒಂದೇ ಒಂದು ಕ್ಷಣ ನಡುಗದೆ ಕೂತಿದ್ದಾನೆ, ಬಾಗಿಲ ಕಡೆ ನೋಡುವಾಗ. ಆ ಒಂದು ಫ್ರೇಮ್ ತೆಗೆದು ಫೋಟೋ ಮಾಡಿ ಜೊತೆಗೆ ಇಟ್ಟಿದ್ದೇನೆ.

ನಬಿಲಾಲ


ಮೂಡಲಗಿ
೩೦ ಮೇ ೨೦೨೪

ನಬಿಲಾಲ ಅವರಿಗೆ,

ನಿಮ್ಮ ಪತ್ರ ಬಂದು ತಿಂಗಳ ಮೇಲಾಯಿತು. ಮೊದಲ ವಾರ ನಿಮ್ಮನ್ನು ಬೈದು ಎರಡು ಪತ್ರ ಬರೆದೆ, ಹರಿದೆ. ಇನ್ನೊಂದರಲ್ಲಿ ಪರವಾಗಿಲ್ಲ ಎಂದು ಬರೆದೆ, ಅದನ್ನೂ ಹರಿದೆ. ಪರವಾಗಿಲ್ಲ ಅನ್ನುವುದು ಸುಳ್ಳು. ಒಂಬತ್ತು ದಿನ ಅವರು ನಿಮ್ಮ ಗಾಡಿಯ ಸದ್ದಿಗೆ ಕಿವಿ ಕೊಟ್ಟು ಕೂತಿದ್ದರು. ಅದನ್ನು ನಾನು ಮರೆಯಲಾರೆ, ನೀವೂ ಮರೆಯಬೇಡಿ. ಆದರೆ ಪೂರಾ ಕಳಿಸಿದಿರಿ. ಅಷ್ಟು ಬರೆಯಬೇಕು ಎನಿಸಿತು, ಬರೆದಿದ್ದೇನೆ.

ಅವರಿಗೆ ಇರಬೇಕು ಅಂತ ಇತ್ತು. ಈಗ ನಾನು ಊಟ ಮಾಡುತ್ತೇನೆ.

ಹುಕ್ಕೇರಿಗೆ ಹೋಗಿ ಅತ್ತೆಗೂ ಕೇಳಿಸಿದೆ. ಅವಳಿಗೆ ಪರದೆ ಸರಿಯಾಗಿ ಕಾಣುವುದಿಲ್ಲ, ದನಿ ಕೇಳಿದಳು. ತಗ್ಗಿನ ಆಟದ ಮಾತು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಖರೇನ ಆಟ ಅಂದ್ಕೊಂಡಿದ್ನ್ಯೋ ಯಪ್ಪಾ, ಬೈದ್ನ್ಯೋ ನಿನ್ನ" ಎಂದು ಕಂಪ್ಯೂಟರಿನ ಮುಂದೆ ನೆಲಕ್ಕೆ ಕುಸಿದಳು. ಅವಳ ಜೊತೆ ಜಗಳಾಡಬೇಕೆಂದು ಹೋದವಳು ನಾನು. ಅವಳನ್ನು ಎಬ್ಬಿಸಿ, ನೀರು ಕುಡಿಸಿ, ಎರಡು ದಿನ ಇದ್ದು ಬಂದೆ.

ಪದ್ದಿಗೆ ಫೋಟೋ ಮಾತ್ರ ಕೊಡಬೇಕೆಂದಿದ್ದೆ. ಮುಂದಿನ ವಾರ ಅವಳಿಗೆ ಶಾಲೆ ಶುರು. ಫೋಟೋ ನೋಡಿದ ಕೂಡಲೇ "ಅಪ್ಪ" ಎಂದಳು, ಬೇರೇನೂ ಅನ್ನಲಿಲ್ಲ. ಪಾಟೀಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಆದರೆ ನಿನ್ನೆ ನಾನು ಹೊಲಿಗೆ ಯಂತ್ರದ ಮುಂದೆ ಇದ್ದಾಗ ನನ್ನ ತಮ್ಮನ ಲ್ಯಾಪ್‌ಟಾಪಿನಲ್ಲಿ ಆ ವಿಡಿಯೋ ತಾನೇ ಹಚ್ಚಿಕೊಂಡುಬಿಟ್ಟಳು. ಓಡಿ ಬರುವುದರೊಳಗೆ ಲಾರಿ ಹೊರಟಾಗಿತ್ತು. ನಾನು ಆರಿಸಲು ಕೈ ಚಾಚಿದೆ. ಅವಳು ನಗುತ್ತಿದ್ದಳು.

"ಅವ್ವಾ, ನೋಡಿಲ್ಲೆ. ಅಪ್ಪ ತಗ್ಗಿನ ಆಟ ಆಡಾಕತ್ತಾನ."

ಖುರ್ಚಿಯ ಮೇಲೆ ಕೂತಲ್ಲೇ ಕುಣಿಯುತ್ತಿದ್ದಳು. ಅವರ ಭುಜ ನಡುಗಿದ ಹಾಗೆ ಇವಳ ಭುಜ, ಅವರ ಗದ್ದ ನಡುಗಿದ ಹಾಗೆ ಇವಳ ಗದ್ದ. ಆರು ತಿಂಗಳಾದ ಮೇಲೆ ಆ ಹುಡುಗಿ ಹಾಗೆ ನಕ್ಕದ್ದನ್ನು ನಾನು ನೋಡಿದೆ. ಕೊನೆಯ ಹನ್ನೊಂದು ನಿಮಿಷ ಬರುವ ಮೊದಲೇ ನಿಲ್ಲಿಸಿದೆ. "ಇನ್ನೊಮ್ಮೆ ಹಚ್ಚು" ಎಂದಳು. ಹಚ್ಚಿದೆ.

"ನೀನೂ ಕುಣಿ ಅವ್ವಾ. ಸುಮ್ಮ ಕುಂತ್ರ ಬೀಳ್ತಿ" ಎಂದಳು.

ನಾನೂ ಅವಳ ಬಾಜೂ ಕೂತು ಮೈ ಅಲುಗಿಸಿದೆ.

ಸುಮನ್